‘ಡಾಕ್ಟರ್ ಒಂಬತ್ತು ವಾರ ಅಂತಾರೆ, ಅತ್ತೆ ಮೂರನೇ ತಿಂಗಳು ಅಂತಾರೆ’: ಮೊದಲ ಬಸುರಿನ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 24 ವರ್ಷ. ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಆಗಿದ್ದೇನೆ. ತವರು ಹೊಸದುರ್ಗದ ಹತ್ತಿರದ ಹಳ್ಳಿ. ಇದು ಮೊದಲ ಬಸುರು. ಚೀಟಿಯಲ್ಲಿ ಡಾಕ್ಟರ್ 9 ವಾರ ಎಂದು ಬರೆದಿದ್ದಾರೆ. ಅತ್ತೆ ಮೂರನೇ ತಿಂಗಳು ಎನ್ನುತ್ತಾರೆ. ಯಾವುದು ಸರಿ? ತಿಂದದ್ದೆಲ್ಲ ವಾಂತಿಯಾಗುತ್ತಿದೆ, ಮಗುವಿಗೆ ಊಟ ಸಿಗುತ್ತಾ? ಕೆಲಸಕ್ಕೆ ಹೋಗಬಹುದಾ? ಪರಂಗಿ ಬೇಡ, ಎಳ್ಳು ಬೇಡ, ಬಗ್ಗಬೇಡ, ಎತ್ತಬೇಡ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮುಂದೆ ಯಾವಾಗ ಏನಾಗುತ್ತದೆ? ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ? ಕೊನೆಗೆ ನೋವು ಬಂದರೆ ನನಗೆ ಗೊತ್ತಾಗುತ್ತಾ?

ಉತ್ತರ: ನಿಮ್ಮ ಅತ್ತೆ ಹೇಳಿದ್ದೂ ಸರಿ, ಡಾಕ್ಟರ್ ಬರೆದದ್ದೂ ಸರಿ. ಎರಡು ತಿಂಗಳು ತುಂಬಿ ಮೂರರಲ್ಲಿ ಬಿದ್ದಿದೆ ಎಂದು ಅತ್ತೆ ಲೆಕ್ಕ ಹಾಕಿದ್ದಾರೆ. ಅದನ್ನೇ ವಾರದಲ್ಲಿ ಹೇಳಿದರೆ ಒಂಬತ್ತು. ಆದರೆ ಇವತ್ತಿನಿಂದ ನೀವು ವಾರದ ಲೆಕ್ಕವನ್ನೇ ಹಿಡಿಯಿರಿ. ಇದು ನನ್ನ ಮೊದಲ ಮಾತು, ಮುಖ್ಯ ಮಾತೂ ಇದೇ. ವಾಂತಿ ಯಾವಾಗ ನಿಲ್ಲುತ್ತದೆ, ಯಾವ ಸ್ಕ್ಯಾನಿಂಗ್ ಯಾವಾಗ, ಮಗು ಯಾವಾಗ ಒದೆಯುತ್ತದೆ, ಯಾವ ನೋವಿಗೆ ಓಡಬೇಕು ಎಂಬ ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದು ವಾರದ ಲೆಕ್ಕವೇ. ‘ಐದನೇ ತಿಂಗಳು’ ಎಂದರೆ ಒಬ್ಬರಿಗೆ 18 ವಾರ, ಇನ್ನೊಬ್ಬರಿಗೆ 21 ವಾರ. ಅಷ್ಟರಲ್ಲಿ ಮಾಡಬೇಕಾದ ಒಂದು ಮುಖ್ಯ ಸ್ಕ್ಯಾನ್ ತಪ್ಪಿಹೋಗಬಹುದು.

ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಲ್ಲಿಂದ 40 ವಾರ, ಅಂದರೆ 280 ದಿನ. ಸುಲಭವಾಗಿ ಹೇಳಬೇಕೆಂದರೆ, ಆ ತಾರೀಖಿಗೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ. ಮುಟ್ಟಾದದ್ದು ಜನವರಿ 10ಕ್ಕೆ ಎಂದಾದರೆ ಹೆರಿಗೆಯ ಅಂದಾಜು ತಾರೀಖು ಅಕ್ಟೋಬರ್ 17. ನಮ್ಮ ಅಜ್ಜಿಯರು ‘ಒಂಬತ್ತು ತಿಂಗಳು ಒಂಬತ್ತು ದಿನ’ ಎನ್ನುತ್ತಿದ್ದರಲ್ಲ, ಎಷ್ಟು ಹತ್ತಿರ ನೋಡಿ! ಮುಟ್ಟಿನ ತಾರೀಖು ಸರಿಯಾಗಿ ನೆನಪಿಲ್ಲದಿದ್ದರೆ, ಅಥವಾ ಮುಟ್ಟು ಹಿಂದೆಮುಂದೆ ಆಗುವವರಾದರೆ, ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ಹೇಳುವ ತಾರೀಖನ್ನು ನಂಬಿ. ಆಮೇಲಿನ ಸ್ಕ್ಯಾನ್‌ಗಳಲ್ಲಿ ತಾರೀಖು ಬೇರೆ ಬಂದರೂ ಮೊದಲಿನದನ್ನು ಬದಲಾಯಿಸುವುದಿಲ್ಲ.

ಈ ಲೆಕ್ಕದಲ್ಲಿ ಒಂದು ತೊಡಕಿದೆ. ಮೊದಲ ಎರಡು ವಾರ ಹೊಟ್ಟೆಯಲ್ಲಿ ಮಗುವೇ ಇರುವುದಿಲ್ಲ! ಬಸುರು ನಿಲ್ಲುವುದು ಮುಟ್ಟಾಗಿ ಸುಮಾರು ಎರಡು ವಾರದ ಮೇಲೆ. ಒಮ್ಮೆ ಹೊಸ ದಂಪತಿ ನನ್ನ ಹತ್ತಿರ ಬಂದಿದ್ದರು, ಜೊತೆಗೆ ಹುಡುಗನ ತಾಯಿ. ಮದುವೆಯಾಗಿ ಆರೂವರೆ ವಾರ. ಸ್ಕ್ಯಾನ್ ರಿಪೋರ್ಟಿನಲ್ಲಿ 8 ವಾರ ಎಂದಿತ್ತು. ಅದನ್ನು ಓದಿದ ಅತ್ತೆಯ ಮುಖ ಗಂಟಿಕ್ಕಿತು. ಹುಡುಗಿ ತಲೆ ಎತ್ತಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದು ಮೇಜಿನ ಮೇಲಿಟ್ಟೆ. ಮುಟ್ಟಿನ ದಿನ, ಮದುವೆಯ ದಿನ, ಬಸುರು ನಿಂತಿರಬಹುದಾದ ದಿನ, ಮೂರಕ್ಕೂ ಪೆನ್ನಿನಲ್ಲಿ ಸುತ್ತು ಹಾಕಿ ತೋರಿಸಿದೆ. ಆ ಅತ್ತೆ ಎರಡು ಸಲ ಎಣಿಸಿ ನೋಡಿದರು, ಆಮೇಲೆ ಸೊಸೆಯ ಬೆನ್ನು ಸವರಿದರು. ಇಂಥ ಅನುಮಾನ ಎಷ್ಟು ಮನೆಗಳಲ್ಲಿ ಮಾತಿಗೂ ಬಾರದೆ ಉಳಿದಿದೆಯೋ ಎಂದು ನನಗೆ ಈಗಲೂ ಅನಿಸುತ್ತದೆ. ಅದಕ್ಕೇ ಈ ಲೆಕ್ಕವನ್ನು ಇಷ್ಟು ಬಿಡಿಸಿ ಬರೆದೆ.

ಈಗ ನಿಮ್ಮ ಒಂಬತ್ತನೇ ವಾರಕ್ಕೆ ಬರೋಣ. ಮಗು ಈಗ ಒಂದು ಇಂಚಿಗಿಂತ ಸ್ವಲ್ಪ ಚಿಕ್ಕದು, ಹೆಚ್ಚುಕಡಿಮೆ ಒಂದು ನೆಲ್ಲಿಕಾಯಿಯಷ್ಟು. ಆದರೆ ಎದೆ ಬಡಿತ ಆಗಲೇ ಶುರುವಾಗಿದೆ. ಕೈಕಾಲು ಮೂಡುತ್ತಿವೆ. 12 ವಾರ ಮುಗಿಯುವಷ್ಟರಲ್ಲಿ ಎಲ್ಲ ಅಂಗಗಳ ಅಚ್ಚು ತಯಾರಾಗಿರುತ್ತದೆ. ಆಮೇಲಿನದು ಬೆಳೆಯುವ, ಬಲಿಯುವ ಕೆಲಸ. ಇಷ್ಟು ಚಿಕ್ಕ ಕೂಸಿಗೆ ಬೇಕಾದ ಆಹಾರವೂ ಸ್ವಲ್ಪವೇ. ನಿಮ್ಮ ಮೈಯಲ್ಲಿರುವುದರಲ್ಲೇ ಅದು ತನಗೆ ಬೇಕಾದ್ದನ್ನು ತೆಗೆದುಕೊಳ್ಳುತ್ತದೆ. ಹಾಗಾಗಿ ವಾಂತಿಯಾದರೆ ಮಗು ಹಸಿದಿರುತ್ತದೆ ಎಂಬ ಭಯ ಬೇಡ.

ವಾಂತಿ, ಓಕರಿಕೆ ಹೆಚ್ಚಿನವರಿಗೆ ಆರನೇ ವಾರಕ್ಕೆ ಶುರುವಾಗುತ್ತದೆ. ಒಂಬತ್ತು, ಹತ್ತನೇ ವಾರದ ಹೊತ್ತಿಗೆ ಜೋರಾಗಿರುತ್ತದೆ. 12ರಿಂದ 16 ವಾರದೊಳಗೆ ಇಳಿಯುತ್ತದೆ. ಅಂದರೆ ನೀವು ಈಗ ಏರಿನ ತುದಿಯಲ್ಲಿದ್ದೀರಿ, ಇನ್ನು ಮೇಲೆ ಇಳಿಜಾರು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಎರಡು ಹಿಡಿ ಮಂಡಕ್ಕಿಯನ್ನೋ ಅರಳನ್ನೋ ಬಾಯಿಗೆ ಹಾಕಿಕೊಳ್ಳಿ. ಹತ್ತು ನಿಮಿಷ ಬಿಟ್ಟು ಏಳಿ. ಹೊಟ್ಟೆ ಖಾಲಿ ಬಿಡಬೇಡಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಊಟದ ಮಧ್ಯೆ ನೀರು ಕುಡಿಯುವ ಬದಲು ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ಶುಂಠಿ ಕೆಲವರಿಗೆ ಹಿತ. ಒಗ್ಗರಣೆ ವಾಸನೆಯೇ ಆಗದಿದ್ದರೆ ಕೆಲವು ದಿನ ಒಲೆ ಮುಂದೆ ಬೇರೆಯವರು ನಿಲ್ಲಲಿ. ಅದನ್ನು ನಿಮ್ಮ ಯಜಮಾನರಿಗೆ ಹೇಳಿ, ಸಂಕೋಚ ಬೇಡ. ಇಷ್ಟಕ್ಕೂ ನಿಲ್ಲದಿದ್ದರೆ ಬಸುರಿಯರಿಗೆ ಕೊಡಬಹುದಾದ ಒಳ್ಳೆಯ ಮಾತ್ರೆಗಳಿವೆ, ಡಾಕ್ಟರನ್ನು ಕೇಳಿ. ಆದರೆ ನೀರೂ ನಿಲ್ಲದೆ ಹೊರಗೆ ಬಂದರೆ, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ತೂಕ ಇಳಿಯುತ್ತಿದ್ದರೆ, ‘ಬಸುರಿಯರಿಗೆ ಇದೆಲ್ಲ ಮಾಮೂಲಿ’ ಎಂಬ ಮಾತು ಕೇಳಿ ಸುಮ್ನೆ ಕೂರಬೇಡಿ. ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕಾಗಬಹುದು.

ಈ ದಿನಗಳಲ್ಲಿ ತಪ್ಪಿಸಬಾರದ್ದು ಒಂದು ಚಿಕ್ಕ ಮಾತ್ರೆ, ಫೋಲಿಕ್ ಆಸಿಡ್. ಮಗುವಿನ ಬೆನ್ನುಹುರಿ, ಮೆದುಳು ಸರಿಯಾಗಿ ಮುಚ್ಚಿಕೊಳ್ಳಲು ಅದು ಬೇಕು. ಹಾಗೆಯೇ ತಲೆನೋವು, ಮೈಕೈ ನೋವು ಎಂದು ಮೆಡಿಕಲ್ ಶಾಪಿನಿಂದ ನೀವೇ ನೋವಿನ ಮಾತ್ರೆ ತಂದು ನುಂಗಬೇಡಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ನಡೆಯುತ್ತದೆ, ಅದನ್ನೂ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಬಗ್ಗಬೇಡ, ಎತ್ತಬೇಡ ಎಂಬುದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗೊತ್ತಾದ ಬಸುರುಗಳಲ್ಲಿ ಸುಮಾರು ಏಳೆಂಟರಲ್ಲಿ ಒಂದು ನಿಲ್ಲುವುದಿಲ್ಲ. ಅದರಲ್ಲಿ ಹೆಚ್ಚಿನವು 12 ವಾರದೊಳಗೇ ಹೋಗುತ್ತವೆ. ಬಹುತೇಕ ಸಲ ಕಾರಣ ಭ್ರೂಣದ ವರ್ಣತಂತುಗಳಲ್ಲೇ ಆದ ದೋಷ. ಮೊದಲ ದಿನವೇ ಆಗಿಹೋದ ದೋಷ ಅದು. ಕೊಡ ಎತ್ತಿದ್ದಕ್ಕೆ, ಬಸ್ಸಿನಲ್ಲಿ ಹೋದದ್ದಕ್ಕೆ, ಪರಂಗಿ ಹಣ್ಣು ತಿಂದದ್ದಕ್ಕೆ ಬಂದದ್ದಲ್ಲ. ಹತ್ತು ವಾರಕ್ಕೆ ಬಸುರು ಇಳಿದ ಹೆಣ್ಣುಮಗಳೊಬ್ಬಳು ನನ್ನ ಮುಂದೆ ಕೂತು, ‘ಮೇಡಂ, ಅವತ್ತು ನಲ್ಲಿ ನೀರು ಬಂದಿತ್ತು, ಎರಡು ಬಿಂದಿಗೆ ಒಟ್ಟಿಗೆ ತಂದೆ’ ಎಂದು ಅತ್ತಿದ್ದಳು. ಮನೆಯವರು ಅದನ್ನೇ ಹೇಳಿ ಹೇಳಿ ಅವಳನ್ನು ಹಣ್ಣು ಮಾಡಿದ್ದರು. ಬಿಂದಿಗೆಯಿಂದ ಆದದ್ದಲ್ಲ ಎಂದು ಅವಳಿಗೂ ಹೇಳಿದೆ, ಹೊರಗೆ ಕೂತಿದ್ದ ಗಂಡನನ್ನು ಕರೆದು ಅವನಿಗೂ ಹೇಳಿದೆ. ದಯವಿಟ್ಟು ಇಂಥ ಹೊರೆಯನ್ನು ಯಾರೂ ಯಾವ ಹೆಣ್ಣಿನ ತಲೆ ಮೇಲೂ ಹೊರಿಸಬೇಡಿ. ಸಾಧಾರಣ ಮನೆಗೆಲಸ ಮಾಡಬಹುದು. ತೀರಾ ಭಾರದ್ದು ಬೇಡ, ಅದು ಬೆನ್ನಿನ ಒಳ್ಳೆಯದಕ್ಕೆ. ಡಾಕ್ಟರ್ ಬೇಡ ಎಂದು ಹೇಳಿಲ್ಲದಿದ್ದರೆ ಗಂಡಹೆಂಡತಿ ಕೂಡುವುದರಿಂದಲೂ ಮಗುವಿಗೆ ತೊಂದರೆ ಇಲ್ಲ. ಆದರೆ ರಕ್ತ ಕಂಡರೆ, ಒಂದು ಹನಿಯಾದರೂ ಸರಿ, ತೋರಿಸಿ. ಒಂದೇ ಪಕ್ಕದಲ್ಲಿ ತಡೆಯಲಾರದ ಹೊಟ್ಟೆನೋವು ಬಂದು ತಲೆ ಸುತ್ತಿದರೆ ಅವತ್ತೇ, ಆ ಕ್ಷಣವೇ ಹೋಗಿ. ಬಸುರು ಗರ್ಭಕೋಶದಲ್ಲಿ ನಿಲ್ಲದೆ ಪಕ್ಕದ ನಾಳದಲ್ಲಿ ನಿಂತಿರಬಹುದು.

ಪರಂಗಿ, ಎಳ್ಳು? ಚೆನ್ನಾಗಿ ಹಣ್ಣಾದ ಪರಂಗಿ ನಾಲ್ಕು ಹೋಳು ತಿಂದರೆ ಏನೂ ಆಗುವುದಿಲ್ಲ. ಹಸಿ ಕಾಯಿಯಲ್ಲಿ ಹಾಲು ಜಾಸ್ತಿ, ಅದನ್ನು ಬಿಡಿ. ಎಳ್ಳುಂಡೆ ತಿನ್ನಿ, ಅದರಲ್ಲಿ ಸುಣ್ಣದಂಶವೂ ಇದೆ, ಕಬ್ಬಿಣವೂ ಇದೆ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುವುದಿಲ್ಲ. ಆ ದುಡ್ಡಿಗೆ ಎರಡು ಡಜನ್ ಮೊಟ್ಟೆ ಬರುತ್ತದೆ.

ಕೆಲಸದ ವಿಷಯ. ತೊಂದರೆ ಇಲ್ಲದ ಬಸುರಾದರೆ ಕೂತು ಮಾಡುವ ಕೆಲಸಕ್ಕೆ ಹೋಗಬಹುದು. ಆದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ನಾನು ಪದೇ ಪದೇ ನೋಡುವ ತೊಂದರೆ ಒಂದಿದೆ. ಟಾರ್ಗೆಟ್ ಮುಗಿಯಬೇಕೆಂದು ಮೂತ್ರಕ್ಕೆ ಏಳುವುದಿಲ್ಲ. ಏಳಬೇಕಾಗುತ್ತದೆ ಎಂದು ನೀರನ್ನೇ ಕುಡಿಯುವುದಿಲ್ಲ. ಬಸುರಿನಲ್ಲಿ ಇದು ನೇರವಾಗಿ ಮೂತ್ರದ ಸೋಂಕಿಗೆ ದಾರಿ. ಆ ಸೋಂಕು ಮೇಲೇರಿದರೆ ಚಳಿಜ್ವರ ಬರುತ್ತದೆ, ಅವಧಿಗೆ ಮೊದಲೇ ನೋವೂ ಬರಬಹುದು. ಮಿಷನ್ ಪಕ್ಕ ಒಂದು ಲೀಟರ್ ಬಾಟಲಿ ಇಟ್ಟುಕೊಳ್ಳಿ. ಎರಡು ಗಂಟೆಗೊಮ್ಮೆ ಎದ್ದು ಹೋಗಿ. ಬಸುರಿ ಎಂದು ಸೂಪರ್‌ವೈಸರ್‌ಗೆ ಈಗಲೇ ಹೇಳಿಬಿಡಿ, ಹೊಟ್ಟೆ ಕಾಣುವವರೆಗೆ ಕಾಯಬೇಡಿ. ಉರಿಮೂತ್ರ ಕಂಡರೆ ಎಳನೀರು, ಬಾರ್ಲಿ ಗಂಜಿ ಎಂದು ದಿನ ಕಳೆಯದೆ ಪರೀಕ್ಷೆ ಮಾಡಿಸಿ. ನಿಮಗೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದರೆ 26 ವಾರದ ಹೆರಿಗೆ ರಜೆಗೆ ಹಣ ಅಲ್ಲಿಂದಲೇ ಬರುತ್ತದೆ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಕಾಗದಪತ್ರದ ಕೆಲಸವನ್ನು ಕೊನೆಯ ತಿಂಗಳಿಗೆ ಬಿಡಬೇಡಿ.

12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನೋ ಕೇಳಿದರೆ ಸಾಕು. ಖಾಸಗಿ ಆಸ್ಪತ್ರೆಯಲ್ಲಿ ತೋರಿಸುವವರಿಗೂ ಈ ಕಾರ್ಡ್ ಬೇಕು. ರಕ್ತದ ಗುಂಪು, ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ಎಚ್‌ಐವಿ, ಕಾಮಾಲೆಯ ಬಿ ವೈರಸ್ ಎಲ್ಲದರ ಪರೀಕ್ಷೆ ಈಗಲೇ ಆಗಲಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಯಜಮಾನರ ಗುಂಪನ್ನೂ ನೋಡಿಸಬೇಕು. ಅವರದು ಪಾಸಿಟಿವ್ ಆದರೆ 28ನೇ ವಾರಕ್ಕೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಮಗುವೂ ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಂದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರಿಗೆ ಉಚಿತ ವಿಶೇಷ ತಪಾಸಣೆ ಇರುತ್ತದೆ. 2016ರಿಂದ ನಡೆದುಬಂದ ವ್ಯವಸ್ಥೆ ಇದು. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಸ್ಕ್ಯಾನ್‌ಗಳಲ್ಲಿ ಎರಡನ್ನು ವಾರ ತಪ್ಪಿಸದೆ ಮಾಡಿಸಬೇಕು. ಮೊದಲನೆಯದು 11 ವಾರ ತುಂಬಿದ ಮೇಲೆ, 14 ತುಂಬುವ ಮೊದಲು. ಎನ್‌ಟಿ ಸ್ಕ್ಯಾನ್ ಎನ್ನುತ್ತಾರೆ. ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುತ್ತಾರೆ. ಎರಡನೆಯದು 18ರಿಂದ 20 ವಾರದ ಹೊತ್ತಿಗೆ ಮಾಡುವ ಅನಾಮಲಿ ಸ್ಕ್ಯಾನ್. ತಲೆ, ಹೃದಯ, ಬೆನ್ನೆಲುಬು, ಮೂತ್ರಪಿಂಡ ಒಂದೊಂದನ್ನೇ ನೋಡುತ್ತಾರೆ. ಅರ್ಧ ಗಂಟೆಯೂ ಹಿಡಿಯಬಹುದು. ಮಗು ತಿರುಗಿ ಮಲಗಿದ್ದರೆ ‘ಸ್ವಲ್ಪ ಓಡಾಡಿ ಬನ್ನಿ’ ಎನ್ನುತ್ತಾರೆ, ಗಾಬರಿಯಾಗಬೇಡಿ. ಗಂಡೋ ಹೆಣ್ಣೋ ಎಂದು ಕೇಳಬೇಡಿ, ಮನೆಯವರನ್ನೂ ಕೇಳಲು ಬಿಡಬೇಡಿ. 1994ರ ಕಾಯ್ದೆಯ ಪ್ರಕಾರ ಅದನ್ನು ಹೇಳುವುದೂ ಅಪರಾಧ, ಕೇಳಿ ತಿಳಿಯುವುದೂ ಅಪರಾಧ. ಹೊಟ್ಟೆ ಮುಂದೆ ಬಂದರೆ ಗಂಡು, ಅಗಲವಾದರೆ ಹೆಣ್ಣು ಎಂಬ ಮಾತಿಗೆ ಯಾವ ಆಧಾರವೂ ಇಲ್ಲ.

13ನೇ ವಾರದ ನಂತರ ನಿಮಗೇ ಗೊತ್ತಾಗುತ್ತದೆ, ಮೈ ಹಗುರವಾದ ಹಾಗೆ. ಊಟ ರುಚಿಸುತ್ತದೆ, ಬಯಕೆ ಹುಟ್ಟುತ್ತದೆ. ಮಾವಿನಕಾಯಿ, ಹುಣಸೆಹಣ್ಣು ಬೇಕೆನಿಸಿದರೆ ತಿನ್ನಿ. ಆದರೆ ಮಣ್ಣು, ಬಳಪ, ಇಟ್ಟಿಗೆ ಚೂರು, ಹಸಿ ಅಕ್ಕಿ ತಿನ್ನಬೇಕೆನಿಸಿದರೆ ಅದು ಬರೀ ಬಯಕೆಯಲ್ಲ. ಎಷ್ಟೋ ಸಲ ಅದು ರಕ್ತಹೀನತೆಯ ಸೂಚನೆ. ಮುಚ್ಚಿಡದೆ ಡಾಕ್ಟರಿಗೆ ಹೇಳಿ. ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರಕ್ತ ಕಡಿಮೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ ಇದ್ದರೆ ಕಡಿಮೆ ಎಂದೇ ಲೆಕ್ಕ. ರಕ್ತ ಕಡಿಮೆ ಇರುವವಳಿಗೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ಜೀವಕ್ಕೆ ಬರುತ್ತದೆ. ನಾನು ಯಾವ ಮಾತನ್ನಾದರೂ ಎರಡು ಸಲ ಹೇಳುವುದಿದ್ದರೆ ಇದನ್ನು ಹೇಳುತ್ತೇನೆ.

ಅದಕ್ಕೇ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಆ ಕೆಂಪು ಮಾತ್ರೆ. ಕಡಿಮೆಯೆಂದರೆ 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ನುಂಗುವ ರೀತಿ ಮುಖ್ಯ. ಊಟವಾಗಿ ಒಂದು ಗಂಟೆ ಬಿಟ್ಟು ನಿಂಬೆ ನೀರಿನ ಜೊತೆ ನುಂಗಿ. ಹಾಲು, ಕಾಫಿ, ಟೀ ಜೊತೆ ಬೇಡ, ಅವು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ನುಂಗಬೇಡಿ. ಬೆಳಿಗ್ಗೆ ತಿಂಡಿಗೆ, ಮಧ್ಯಾಹ್ನ ಊಟಕ್ಕೆ ಕ್ಯಾಲ್ಸಿಯಂ, ರಾತ್ರಿ ಮಲಗುವ ಮುಂಚೆ ಕಬ್ಬಿಣ ಎಂದು ಇಟ್ಟುಕೊಂಡರೆ ಗೊಂದಲವಿರುವುದಿಲ್ಲ. ಮಲ ಕಪ್ಪಾಗುತ್ತದೆ, ಅದು ಮಾತ್ರೆಯ ಬಣ್ಣವಷ್ಟೇ. ಹಲವರು ಅದನ್ನು ನೋಡಿ ಹೆದರಿ ಮಾತ್ರೆಯನ್ನೇ ಬಿಡುತ್ತಾರೆ. ಮಾತ್ರೆ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತೂ ಊರ ಕಡೆ ಇದೆ. ಅದು ನಿಜವಲ್ಲ. ಇದೇ ಸಮಯದಲ್ಲಿ ಒಂದು ಜಂತುಹುಳದ ಮಾತ್ರೆ, ನಾಲ್ಕು ವಾರದ ಅಂತರದಲ್ಲಿ ಧನುರ್ವಾಯು, ಗಂಟಲುಮಾರಿ ತಡೆಯುವ ಎರಡು ಟಿಡಿ ಚುಚ್ಚುಮದ್ದು.

ಇಬ್ಬರ ಊಟ ಒಬ್ಬಳೇ ಮಾಡಬೇಕು ಎನ್ನುತ್ತಾರೆ. ಅಷ್ಟು ಬೇಡ. ನಾಲ್ಕನೇ ತಿಂಗಳಿನಿಂದ ದಿನಕ್ಕೆ ಸುಮಾರು 350 ಕ್ಯಾಲೊರಿ ಜಾಸ್ತಿ ಸಾಕು. ಒಂದು ಚಿಕ್ಕ ಮುದ್ದೆ, ಒಂದು ಬಟ್ಟಲು ಸೊಪ್ಪಿನ ಸಾರು, ಒಂದು ಮೊಟ್ಟೆ ಎಂದುಕೊಳ್ಳಿ. ರಾಗಿ ನಮ್ಮ ಕಡೆಯವರಿಗೆ ದೊಡ್ಡ ಆಸರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೊಳಕೆ ಹೆಸರುಕಾಳು, ನುಗ್ಗೆಸೊಪ್ಪು, ಕಡಲೆಬೀಜ, ಮೀನು, ಯಾವುದು ರೂಢಿಯೋ ಅದು. ಊರಿಗೆ ಹೋದಾಗ ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಹೆಸರು ಕೊಡಿ. ಒಟ್ಟು ತೂಕ 10-12 ಕೆಜಿ ಏರಿದರೆ ಚೆನ್ನ.

18ರಿಂದ 20ನೇ ವಾರದ ಸುಮಾರಿಗೆ ಒಂದು ದಿನ, ಬಹುಶಃ ರಾತ್ರಿ ಮಲಗಿದಾಗ, ಹೊಟ್ಟೆಯೊಳಗೆ ಏನೋ ಸಣ್ಣಗೆ ಮಿಡಿದ ಹಾಗೆ ಅನಿಸುತ್ತದೆ. ಕೆರೆಯ ನೀರಲ್ಲಿ ನಿಂತಾಗ ಮೀನಿನ ಮರಿ ಕಾಲಿಗೆ ತಾಗಿ ಹೋಗುತ್ತದಲ್ಲ, ಹಾಗೆ. ಗ್ಯಾಸ್ ಇರಬೇಕು ಎಂದುಕೊಳ್ಳುತ್ತೀರಿ. ಎರಡು ಮೂರು ದಿನ ಅದೇ ಮರುಕಳಿಸಿದಾಗ ತಿಳಿಯುತ್ತದೆ, ಇದು ಮಗು. ಆ ತಾರೀಖನ್ನು ಬರೆದಿಡಿ. 22 ವಾರ ದಾಟಿದರೂ ಏನೂ ಗೊತ್ತಾಗದಿದ್ದರೆ ತೋರಿಸಿ.

24ರಿಂದ 28 ವಾರದ ನಡುವೆ ಶುಗರ್ ಪರೀಕ್ಷೆ ಮತ್ತೊಮ್ಮೆ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಮುಟ್ಟಿದರೆ, ಅಥವಾ ದಾಟಿದರೆ, ಬಸುರಿನ ಸಕ್ಕರೆ ಕಾಯಿಲೆ. ಹೆಚ್ಚಿನವರಿಗೆ ಊಟದ ಪಥ್ಯ, ನಡಿಗೆಯಲ್ಲೇ ಹತೋಟಿಗೆ ಬರುತ್ತದೆ.

ಈಗ 28ನೇ ವಾರ. ಮಗು ಸುಮಾರು ಒಂದು ಕೆಜಿ. ಹೊಟ್ಟೆ ಭಾರ, ಎದೆಯುರಿ, ಮಲಬದ್ಧತೆ, ಸೊಂಟ ನೋವು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಸಂಜೆಗೆ ಪಾದ ಊದುವುದು, ಇವೆಲ್ಲ ಸಾಮಾನ್ಯ. ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ, ಎಡಮಗ್ಗುಲಾದರೆ ಇನ್ನೂ ಒಳ್ಳೆಯದು. ನಿದ್ದೆಯಲ್ಲಿ ಹೊರಳಿ ಅಂಗಾತವಾಗಿದ್ದರೆ ಚಿಂತೆ ಬೇಡ, ಎಚ್ಚರವಾದಾಗ ತಿರುಗಿ ಅಷ್ಟೆ.

ಇಲ್ಲಿಂದ ಮುಂದೆ ಎರಡು ವಿಷಯಕ್ಕೆ ಮಾತ್ರ ನಿಮ್ಮ ಗಮನ ಸದಾ ಇರಲಿ. ಒಂದು, ಮಗುವಿನ ಅಲುಗಾಟ. ದಿನಕ್ಕೊಮ್ಮೆ ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಿ. ಎರಡು ಗಂಟೆಯೊಳಗೆ ಹತ್ತು ಸಲ ಅಲುಗಬೇಕು. ಹೆಚ್ಚಿನ ದಿನ ಅರ್ಧ ಗಂಟೆಯಲ್ಲೇ ಹತ್ತಾಗುತ್ತದೆ. ಕೊನೆಯ ತಿಂಗಳಲ್ಲಿ ಜಾಗ ಸಾಲದೆ ಅಲುಗಾಟ ನಿಲ್ಲುತ್ತದೆ ಎಂಬುದು ಸುಳ್ಳು. ಒದೆತದ ರೀತಿ ಬದಲಾಗಬಹುದು, ಹೊರಳಾಟವಾಗಬಹುದು, ಆದರೆ ಕಡಿಮೆಯಾಗಬಾರದು. ಕಡಿಮೆ ಅನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ.

ಎರಡನೆಯದು ಬಿಪಿ. ಸೀಮಂತವಾಗಿ ಎಂಟು ದಿನಕ್ಕೆ ಬಂದ ಒಬ್ಬಳು ನೆನಪಾಗುತ್ತಾಳೆ. 34 ವಾರ. ತಲೆನೋವು ಎಂದು ಬಂದಿದ್ದಳು. ಬಿಪಿ ಪಟ್ಟಿ ಸುತ್ತಲು ಕೈ ಹಿಡಿದೆ. ಸೀಮಂತದಲ್ಲಿ ತೊಡಿಸಿದ ಹಸಿರು ಬಳೆಗಳು ಮಣಿಕಟ್ಟಿಗೆ ಕಚ್ಚಿಕೊಂಡು ಕೂತಿದ್ದವು, ಒಂದೂ ಸರಿಯಲಿಲ್ಲ. ‘ಹೋದ ವಾರ ಗಲಗಲ ಅಂತಿದ್ವು ಮೇಡಂ’ ಎಂದಳು. ಬಿಪಿ 170/110. ಕಣ್ಣು ಮಂಜಾಗುತ್ತಿದೆ ಎಂದೂ ಆಮೇಲೆ ಹೇಳಿದಳು. ಫಿಟ್ಸ್ ಬಾರದಂತೆ ತಕ್ಷಣ ಇಂಜೆಕ್ಷನ್ ಕೊಟ್ಟು ದಾಖಲು ಮಾಡಿದೆವು. ಎರಡು ದಿನದಲ್ಲಿ ಹೆರಿಗೆ ಮಾಡಿಸಬೇಕಾಯಿತು. ಮಗು ಎರಡು ಕೆಜಿ ಇತ್ತು, ತಾಯಿ ಮಗು ಇಬ್ಬರೂ ಉಳಿದರು. ಒಂದು ರಾತ್ರಿ ತಡವಾಗಿದ್ದರೆ ಏನಾಗುತ್ತಿತ್ತೋ. ಹಾಗಾಗಿ ಪಾದ ಊದಿದರೆ ಕಾಲು ಎತ್ತಿಟ್ಟು ಮಲಗಿ, ಆದರೆ ಮುಖ, ಕೈಬೆರಳು ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ಹಿಂಡಿದ ಹಾಗೆ ನೋವು ಬಂದರೆ ಹೊರಟುಬಿಡಿ. ಬಿಪಿ 140/90 ಮುಟ್ಟಿದರೆ ಅದು ಬಸುರಿನಲ್ಲಿ ಹೆಚ್ಚೇ. ಪ್ರತಿ ಸಲ ತಪಾಸಣೆಗೆ ಹೋದಾಗಲೂ ಬಿಪಿ ಎಷ್ಟಿದೆ ಎಂದು ಕೇಳಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ. ಅಂಗೈ ಅಂಗಾಲು ವಿಪರೀತ ತುರಿಸಿದರೂ ತೋರಿಸಿ, ಅದು ಲಿವರ್‌ಗೆ ಸಂಬಂಧಿಸಿದ್ದಿರಬಹುದು.

ಸೀಮಂತ ಮಾಡಿಕೊಳ್ಳಿ, ಮಡಿಲು ತುಂಬಿಸಿಕೊಳ್ಳಿ. ಆವತ್ತು ಹೊತ್ತಿಗೆ ಸರಿಯಾಗಿ ಊಟ ಮಾಡಿ, ಗಂಟೆಗಟ್ಟಲೆ ಕೂರಿಸಿದರೆ ಎದ್ದು ಓಡಾಡಿ. ತವರಿಗೆ ಹೋಗುವುದು 32ರಿಂದ 34 ವಾರದೊಳಗೆ ಆಗಲಿ. ಬಸ್ಸಾದರೆ ದಾರಿಯಲ್ಲಿ ಇಳಿದು ಕಾಲು ಸಡಿಲಿಸಿಕೊಳ್ಳಿ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್ ರಿಪೋರ್ಟ್, ರಕ್ತದ ರಿಪೋರ್ಟ್ ಒಂದೇ ಕವರಿನಲ್ಲಿ ಹಾಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ತೋರಿಸಿದವರು ಒಬ್ಬರು, ಹೆರಿಗೆ ಮಾಡಿಸುವವರು ಇನ್ನೊಬ್ಬರು. ನಿಮ್ಮ ಬಸುರಿನ ಕತೆ ಅವರಿಗೆ ಗೊತ್ತಾಗುವುದು ಆ ಕವರಿನಿಂದ. ಊರು ಮುಟ್ಟಿದ ವಾರದಲ್ಲೇ ಅಲ್ಲಿನ ಆಸ್ಪತ್ರೆಗೆ ಹೋಗಿ ಮುಖ ತೋರಿಸಿ. ರಾತ್ರಿ ಹೊತ್ತು ಸಿಸೇರಿಯನ್ ಮಾಡುವ ಡಾಕ್ಟರ್, ಅರಿವಳಿಕೆ ಡಾಕ್ಟರ್ ಇರುತ್ತಾರಾ, ರಕ್ತ ಸಿಗುತ್ತಾ ಎಂದು ಕೇಳಿ. ಇಲ್ಲವೆಂದರೆ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಹೋಗುವುದಾದರೆ ಯಾವ ಗಾಡಿ, ಯಾರು ಜೊತೆ ಎಂದು ಈಗಲೇ ಗೊತ್ತು ಮಾಡಿಡಿ. 108 ಇದೆ. ಆದರೂ ಪಕ್ಕದ ಮನೆಯ ಕಾರಿನವರ ನಂಬರ್ ಫೋನಿನಲ್ಲಿರಲಿ.

ಏಳು ತಿಂಗಳಲ್ಲಿ ಹುಟ್ಟಿದ ಮಗು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂದು ಊರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ತಪ್ಪು. ಒಳಗೆ ಇದ್ದಷ್ಟು ವಾರವೂ ಮಗುವಿನ ಶ್ವಾಸಕೋಶ ಬಲಿಯುತ್ತದೆ. 37 ವಾರಕ್ಕೆ ಮೊದಲು ನೋವು ಬಂದರೆ, ನೀರು ಹೋದರೆ, ಎಷ್ಟನೇ ತಿಂಗಳೇ ಆಗಿರಲಿ, ತಡಮಾಡದೆ ಹೋಗಿ. ಶ್ವಾಸಕೋಶಕ್ಕೆ ಬಲ ಕೊಡುವ ಇಂಜೆಕ್ಷನ್ ಇದೆ, ಅದು ಹೆರಿಗೆಗೆ ಮೊದಲೇ ತಾಯಿಗೆ ಬೀಳಬೇಕು.

36 ವಾರದ ಮೇಲೆ ಒಂದು ದಿನ ಹೊಟ್ಟೆ ಕೆಳಗಿಳಿದ ಹಾಗೆ ಕಾಣುತ್ತದೆ. ಉಸಿರಾಟ ಸಲೀಸಾಗುತ್ತದೆ, ಮೂತ್ರಕ್ಕೆ ಮಾತ್ರ ಪದೇ ಪದೇ ಓಡಬೇಕು. ತಾರೀಖಿನ ದಿನವೇ ಹೆರಿಗೆಯಾಗುವವರು ನೂರಕ್ಕೆ ನಾಲ್ಕೈದು ಮಂದಿ ಅಷ್ಟೆ. ಆ ದಿನ ದಾಟಿತು ಎಂದು ಗಾಬರಿ ಬೇಡ, ಆದರೆ ತಪಾಸಣೆಗೆ ಹೋಗಲೇಬೇಕು. 41 ವಾರಕ್ಕೆ ನೋವು ಬರಿಸುವ ವಿಚಾರ ಮಾಡುತ್ತಾರೆ. ಬೇಗ ಆಗಲಿ ಎಂದು ಹರಳೆಣ್ಣೆ ಕುಡಿಯಬೇಡಿ. ತುಪ್ಪ ಕುಡಿದರೆ ದಾರಿ ಜಾರುವುದಿಲ್ಲ, ತುಪ್ಪ ಹೋಗುವುದು ಹೊಟ್ಟೆಗೆ, ಗರ್ಭಕೋಶಕ್ಕಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ನೋವು ಬಂದರೆ ಗೊತ್ತಾಗುತ್ತಾ ಎಂದು ಕೇಳಿದ್ದೀರಿ. ಗೊತ್ತಾಗುತ್ತದೆ. ಹುಸಿ ನೋವು ಹೊಟ್ಟೆಯ ಮುಂಭಾಗದಲ್ಲಿ ಬಿಗಿಯುತ್ತದೆ, ಲೆಕ್ಕವಿಲ್ಲದೆ ಬರುತ್ತದೆ. ಜೀರಿಗೆ ಕಷಾಯ ಕುಡಿದು ಮಗ್ಗುಲಾದರೆ ಅಡಗುತ್ತದೆ. ಅಮ್ಮಂದಿರು ಮಾಡಿಸುವ ಈ ಪರೀಕ್ಷೆಗೆ ನನ್ನ ತಕರಾರಿಲ್ಲ. ನಿಜ ನೋವು ಸೊಂಟದಿಂದ ಎದ್ದು ಮುಂದಕ್ಕೆ ಸುತ್ತಿ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಮಲಗಿದರೂ ನಿಲ್ಲುವುದಿಲ್ಲ, ನಡೆದರೂ ನಿಲ್ಲುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಬರುತ್ತಿದ್ದದ್ದು ಹತ್ತಕ್ಕೆ, ಆಮೇಲೆ ಐದಕ್ಕೆ ಇಳಿಯುತ್ತದೆ. ಜೊತೆಗೆ ರಕ್ತ ಬೆರೆತ ಲೋಳೆ ಹೋಗಬಹುದು. ಗಡಿಯಾರ ನೋಡಿ ಬರೆದುಕೊಳ್ಳಿ. ಐದು ನಿಮಿಷಕ್ಕೊಂದು ನೋವು ಬಂದು ಮುಕ್ಕಾಲು ನಿಮಿಷ ನಿಲ್ಲುತ್ತಿದ್ದರೆ ಆಸ್ಪತ್ರೆಯಲ್ಲಿರಬೇಕು. ನಿಮ್ಮದು ಹಳ್ಳಿ, ದಾರಿ ದೂರ, ಹಾಗಾಗಿ ಹತ್ತು ನಿಮಿಷಕ್ಕೆ ಬಂದಾಗಲೇ ಹೊರಡಿ. ನೀರು ಒಡೆದರೆ ನೋವಿರಲಿ ಬಿಡಲಿ ಹೊರಡಿ. ಅದರ ಬಣ್ಣ ನೋಡಿ. ಹಸಿರಾಗಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ, ಹೋದ ತಕ್ಷಣ ಸಿಸ್ಟರ್‌ಗೆ ಅದನ್ನೇ ಮೊದಲು ಹೇಳಿ. ಕೆಂಪು ರಕ್ತ ಧಾರೆಯಾಗಿ ಹೋದರೆ 108ಕ್ಕೆ ಫೋನ್ ಮಾಡಿ, ಒಂದು ನಿಮಿಷವೂ ನೋಡಬೇಡಿ.

ಮೊದಲ ಹೆರಿಗೆ ನಿಧಾನ. ಗರ್ಭಕೋಶದ ಬಾಯಿ ಹತ್ತು ಸೆಂಟಿಮೀಟರ್ ತೆರೆಯಲು 12ರಿಂದ 18 ಗಂಟೆ ಹಿಡಿಯಬಹುದು. ಅಷ್ಟು ಹೊತ್ತೂ ಒಂದೇ ಸಮನೆ ನೋವಿರುವುದಿಲ್ಲ. ನಡುನಡುವೆ ಬಿಡುವು ಸಿಗುತ್ತದೆ, ಆಗ ನೀರು ಕುಡಿಯಿರಿ, ಓಡಾಡಿ, ಉಸಿರು ನಿಧಾನವಾಗಿ ಬಿಡಿ. ಮುಕ್ಕಬೇಕಾದದ್ದು ಆ ಬಾಯಿ ಪೂರ್ತಿ ತೆರೆದ ಮೇಲೆ, ಡಾಕ್ಟರೋ ಸಿಸ್ಟರೋ ಹೇಳಿದಾಗ. ಮಗು ಹುಟ್ಟಿದ ಮೇಲೆ ಮಾಸು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬೀಳುತ್ತದೆ, ಹೆಚ್ಚು ರಕ್ತ ಹೋಗದಂತೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಮಗುವನ್ನು ಒರೆಸಿ ನಿಮ್ಮ ಎದೆಯ ಮೇಲೆ ಮಲಗಿಸಲು ಹೇಳಿ. ಒಂದು ಗಂಟೆಯೊಳಗೆ ಮೊದಲ ಹಳದಿ ಹಾಲು ಕುಡಿಸಿ. ಅದನ್ನು ಹಿಂಡಿ ಚೆಲ್ಲಲು ಯಾರೇ ಹೇಳಿದರೂ ಕೇಳಬೇಡಿ, ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಲು ಬಿಡಬೇಡಿ. ಈ ಮಾತನ್ನು ನಿಮ್ಮ ತಾಯಿಗೂ ಅತ್ತೆಗೂ ಈಗಲೇ ಹೇಳಿಡಿ, ಹೆರಿಗೆ ವಾರ್ಡಿನಲ್ಲಿ ವಾದ ಮಾಡುವಷ್ಟು ಶಕ್ತಿ ನಿಮಗೆ ಆಗ ಇರುವುದಿಲ್ಲ.